ವೆಬ್‌ಕಾಮಿಕ್, ಅಂದರೆ ಇಂಟರ್ನೆಟ್‌ನಲ್ಲಿ ಚಿತ್ರಗಳ ಮೂಲಕ ಹೇಳುವ ಕಥೆ. ಅದನ್ನು ವಿವರಿಸುವ ವಿಡಿಯೊ ಚಾನೆಲ್ ಹೇಗೆ ನಡೆಸುವುದು ಅಂತ ಕೇಳಿದ್ದೀರಿ. ಮೊದಲು ಇದನ್ನು ನೋಡೋಣ: ಓದಿ ಮುಗಿಸಿದ ವೆಬ್‌ಕಾಮಿಕ್ ಬಗ್ಗೆ ಜನ ಮತ್ತೆ ವಿಡಿಯೊ ಯಾಕೆ ನೋಡುತ್ತಾರೆ?

ಕಥೆ ತಿಳಿಯಲು ಅಲ್ಲ. ಅಲ್ಲಲ್ಲಿ ಚದುರಿದ ಸುಳಿವುಗಳನ್ನು ಯಾರಾದರೂ ಜೋಡಿಸಿ ತೋರಿಸಲಿ ಅಂತ.

ವೆಬ್‌ಕಾಮಿಕ್ ಕಂತುಕಂತಾಗಿ ವರ್ಷಗಟ್ಟಲೆ ಬರುತ್ತದೆ. ‘ಹೋಮ್‌ಸ್ಟಕ್’ ಅನ್ನುವ ಇಂಗ್ಲಿಷ್ ವೆಬ್‌ಕಾಮಿಕ್ 2009ರಿಂದ 2016ರವರೆಗೆ ನಡೆಯಿತು. 8,000ಕ್ಕೂ ಜಾಸ್ತಿ ಪುಟ. ಮೊದಲ ವರ್ಷ ಚಿತ್ರದ ಮೂಲೆಯಲ್ಲಿ ಸುಮ್ನೆ ಕಂಡ ಗುರುತೊಂದು ಇಷ್ಟು ಉದ್ದದ ಕಥೆಯಲ್ಲಿ ಕೊನೆಗೆ ಮುಖ್ಯವಾದರೆ ಎಷ್ಟು ಜನಕ್ಕೆ ನೆನಪಿರುತ್ತದೆ? ಆ ಮರೆವೇ ಇಂಥ ವಿಡಿಯೊಗಳ ಬಂಡವಾಳ.

ನಮ್ಮ ಮಲೆನಾಡಿನ ತಾಳಮದ್ದಳೆಯಲ್ಲೂ ಹೀಗೇ ಅಲ್ವಾ? ಕರ್ಣನ ಕಥೆ ಎಲ್ಲರಿಗೂ ಗೊತ್ತು. ಪಾತ್ರದ ಪರವಾಗಿ ಮಾತಾಡುವ ಅರ್ಥಧಾರಿ ಏನು ವಾದ ಹೂಡುತ್ತಾನೆ ಅಂತ ಕೇಳಲು ಕೂರುತ್ತಾರೆ.

ಹಾಗಾಗಿ ನಿಮ್ಮ ಚಾನೆಲ್‌ನಲ್ಲಿ ಕಥೆ ಪೂರ್ತಿ ಹೇಳಬೇಡಿ. ಒಂದೇ ಪ್ರಶ್ನೆ ಹಿಡಿಯಿರಿ. ಯಾವ ಕಂತು, ಯಾವ ಚಿತ್ರ ಅಂತ ತೆರೆಯ ಮೇಲೆ ತೋರಿಸಿ. ಪುಟದಲ್ಲಿ ಇರುವುದೆಷ್ಟು, ನಿಮ್ಮ ಊಹೆ ಎಷ್ಟು ಅಂತ ಬೇರೆ ಮಾಡಿ ಹೇಳಿ. ಊಹೆ ತಪ್ಪಾದರೆ ಅಭಿಮಾನಿಗಳು ಸುಮ್ಮನಿರುತ್ತಾರೆ. ಊಹೆಯನ್ನೇ ಸತ್ಯ ಅಂದರೆ ಬಿಡುವುದಿಲ್ಲ!

ವೆಬ್‌ಕಾಮಿಕ್‌ನ ಚಿತ್ರಗಳನ್ನು ವಿಡಿಯೊದಲ್ಲಿ ಬಳಸಬಹುದಾ ಅಂತಲೂ ಕೇಳಿದ್ದೀರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ. ಆದರೆ ಇಡೀ ಕಂತನ್ನೇ ತೋರಿಸಿ ಓದಿದರೆ ಅದನ್ನು ವಿಮರ್ಶೆ ಅಂತ ಒಪ್ಪಿಸುವುದು ಕಷ್ಟ.

ತೀರ್ಥಹಳ್ಳಿ ಕಡೆಯವರು ಅಂದಿರಿ. ತಗಡಿನ ಮಾಡಿನ ಮನೆಯಾದರೆ ಜೂನ್‌ಗೆ ಮೊದಲೇ ನಾಲ್ಕಾರು ವಿಡಿಯೊಗೆ ಧ್ವನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ.