ಕೂಸು, ದಬ್ಬಣ ಮತ್ತು 60 ಪುಸ್ತಕಗಳ ಆರ್ಡರ್

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಪ್ತ ಸಲಹೆಗೆಂದು ನನ್ನ ಬಳಿ ಬಂದವರು. ರೇಣುಕಾ ಎಂದು ಕರೆಯೋಣ. 29 ವರ್ಷ, ಧಾರವಾಡದ ಕಡೆಯವರು. ಕೂಸಿಗೆ ನಾಲ್ಕು ತಿಂಗಳು. ತವರಿನ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಮೂರು ವಾರವಾಗಿತ್ತು. ಕೈಯಿಂದ ಹೊಲಿದ ನೋಟ್‌ಬುಕ್ ಮಾಡಿ ಮಾರುವುದು ಮದುವೆಗೆ ಮುಂಚಿನಿಂದಲೂ ಅವರ ಕೆಲಸ. ಗುಳೇದಗುಡ್ಡದ ಖಣ ಹೊದಿಸಿದ ರಟ್ಟು, ಮೇಣ ತೀಡಿದ ದಾರ, ಒಂದೊಂದೇ ಫಾರಂ (ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟು) ಕೂಡಿಸಿ ಹೊಲಿದ ಬೆನ್ನು. ಬಸುರಿದ್ದಾಗ ಒಂದು ಮದುವೆ ಮನೆಯವರಿಂದ 60 ಪುಸ್ತಕಗಳ ಆರ್ಡರ್ ಹಿಡಿದು ಮುಂಗಡವನ್ನೂ ಪಡೆದಿದ್ದರು. ಕೊಡಬೇಕಾದ ದಿನಕ್ಕೆ ಇನ್ನು ಏಳು ವಾರ. ಆಗಿದ್ದದ್ದು ನಾಲ್ಕು.

"ಕೂಸು ಬ್ಯಾಡಾಗಿಲ್ರೀ ಮೇಡಂ," ಎಂದೇ ಮಾತು ಶುರು ಮಾಡಿದರು, ನಾನು ಕೇಳುವ ಮೊದಲೇ. "ಆದ್ರ ದಬ್ಬಣ ನೋಡಿದ್ರೂ ಅಳು ಬರ್ತದ, ಕೂಸಿನ್ನ ನೋಡಿದ್ರೂ ಅಳು ಬರ್ತದ."

ಹೆರಿಗೆಯಾದ ಎರಡು ಮೂರು ದಿನಕ್ಕೆ ಬರುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಇಳಿಯುತ್ತದೆ. ನಾಲ್ಕನೇ ತಿಂಗಳ ಅಳುವನ್ನು ಹಾಗೆ ಬಿಡಲಾಗದು. ಹಿಂದಿನ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ ಕೇಳುವ ಎಡಿನ್‌ಬರೊ ಎಂಬ ಬಾಣಂತಿ ಖಿನ್ನತೆಯ ಮಾಪನವನ್ನು (1987ರಿಂದ ಬಳಕೆಯಲ್ಲಿದೆ, ಪೂರ್ಣಾಂಕ 30, ಅಂಕ ಏರಿದಷ್ಟೂ ಖಿನ್ನತೆಯ ಲಕ್ಷಣ ಹೆಚ್ಚು) ಕೂತು ತುಂಬಿಸಿದೆವು. ಬಂದದ್ದು 11. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಹಾಕಿದ್ದರೂ ಬಾಯಿಬಿಟ್ಟು ಮತ್ತೊಮ್ಮೆ ಕೇಳಿದೆ, ಅಂಥದ್ದೇನೂ ಇರಲಿಲ್ಲ. ಎಂದಾದರೂ ರಾತ್ರಿ ಹಾಗೆನ್ನಿಸಿದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ.

ಆಮೇಲೆ ತಪ್ಪು ಮಾಡಿದೆ. ಕೂಸು ಮಲಗಿದಾಗ ನೀವೂ ಮಲಗಿ, ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಮಾತ್ರ ಬೈಂಡಿಂಗ್ ಇಟ್ಟುಕೊಳ್ಳಿ ಎಂದು ಒಂದು ವೇಳಾಪಟ್ಟಿ ಬರೆದುಕೊಟ್ಟೆ. ಒಂದು ವಾರ ಬಿಟ್ಟು ಬಂದವರು ಆ ಹಾಳೆಯನ್ನು ಮೇಜಿನ ಮೇಲಿಟ್ಟು, "ನನ್ನ ಮಗ ಇದನ್ನ ಓದಿಲ್ರೀ," ಎಂದರು. ಇಬ್ಬರೂ ನಕ್ಕೆವು. ಆಮೇಲೆ ಅವರು ಅತ್ತರು.

ಆ ದಿನ ಚೀಲದಲ್ಲಿ ಅರ್ಧ ಹೊಲಿದ ಪುಸ್ತಕವೊಂದಿತ್ತು. ಹೊಲಿದು ತೋರಿಸಿ ಎಂದೆ. ದಾರ ಪೋಣಿಸಿ, ಫಾರಂನ ನಡುಮಡಿಕೆಯಲ್ಲಿ ಸೂಜಿ ಒಳಗೆ ಹೊರಗೆ ಆಡಿಸಿ, ತುದಿಗೆ ಬಂದಾಗ ಕೆಳಗಿನ ಫಾರಂನ ಹೊಲಿಗೆಗೆ ಸಿಕ್ಕಿಸಿ ಗಂಟು ಹಾಕಿದರು. ಐದು ನಿಮಿಷದ ಕೆಲಸ. ಕೈ ನಡೆಯುತ್ತಿದ್ದಾಗ ಮಾತೂ ನಡೆಯಿತು. "ಹಾಲು ಕುಡಿಸಿದ್ರ ಎರಡು ತಾಸಿಗೆ ಮತ್ತ ಹಸಿವಿ. ಬಟ್ಟಿ ಒಗದ್ರ ಸಂಜಿಗೆ ಮತ್ತ ಅಷ್ಟಾ. ದಿನಾ ಪೂರ್ತಿ ಮಾಡಿದ್ದೆಲ್ಲಾ ಅಳಿಸಿ ಹೋಗ್ತದ. ಇದೊಂದು ಹೊಲದ್ರ ಹೊಲದಂಗ ಇರ್ತದ ನೋಡ್ರಿ."

ನಾನು ಅದುವರೆಗೆ ಬೈಂಡಿಂಗನ್ನು ಇಳಿಸಬೇಕಾದ ಹೊರೆ ಎಂದು ಲೆಕ್ಕ ಹಾಕಿದ್ದೆ. ಅವರಿಗೆ ಅದು ಉಸಿರಾಡುವ ಜಾಗ. ಹೊರೆಯಾಗಿದ್ದದ್ದು 60 ಎಂಬ ಸಂಖ್ಯೆ, ಮತ್ತು ಮನೆಯ ಮಾತು. ಬಾಣಂತಿ ಸೂಜಿ ಹಿಡಿದರೆ ಕಣ್ಣು ಹೋಗುತ್ತದೆ ಎಂದು ಅತ್ತೆ. ಇದೆಲ್ಲ ಟೈಂಪಾಸ್ ತಾನೇ, ವರ್ಷ ಬಿಟ್ಟು ಮಾಡಿದರಾಯಿತು ಎಂದು ಗಂಡ. ವಿಚಿತ್ರವೆಂದರೆ ಅದೇ ಅತ್ತೆ ಮಧ್ಯಾಹ್ನ ಹಳೆಯ ಸೀರೆಗಳನ್ನು ಹಾಸಿಕೊಂಡು ಮೊಮ್ಮಗನಿಗೆ ಕೌದಿ ಹೊಲಿಯುತ್ತಿದ್ದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಕೌದಿಯಿಂದಲೇ ನಮಗೆ ದಾರಿ ಸಿಕ್ಕಿತು. ಕೌದಿ ಹೊಲಿಯುವವರು ವೇಳೆ ನೋಡುವುದಿಲ್ಲ. ಸಾಲು ಮುಗಿದಲ್ಲಿ ಸೂಜಿ ಚುಚ್ಚಿ ಸುತ್ತಿಟ್ಟು ಏಳುತ್ತಾರೆ. ಬೈಂಡಿಂಗಿನಲ್ಲಿ ಹಾಗೆ ಎದ್ದು ಹೋಗಬಹುದಾದದ್ದು ಯಾವುದು, ಆಗದ್ದು ಯಾವುದು ಎಂದು ಕೇಳಿದೆ. ಹಾಳೆ ಮಡಚುವುದನ್ನು ಯಾವಾಗ ಬೇಕಾದರೂ ಬಿಡಬಹುದು. ಹೊಲಿಗೆಯನ್ನು ಫಾರಂ ಮುಗಿದ ಗಂಟಿನ ಬಳಿ ಬಿಡಬಹುದು. ನಡುವೆ ಬಿಟ್ಟರೆ ದಾರ ಸಡಿಲವಾಗುತ್ತದೆ. ಅಂಟು ಹಚ್ಚುವುದನ್ನು ಮಾತ್ರ ಬಿಡಲಾಗದು: ಖಣ ಎಳೆದು ಕೂರಿಸುವಷ್ಟರಲ್ಲಿ ಅಂಟು ಒಣಗುತ್ತದೆ, ರಾತ್ರಿಯಿಡೀ ಭಾರ ಹೇರದಿದ್ದರೆ ರಟ್ಟು ಸೊಟ್ಟಗಾಗುತ್ತದೆ. ಭಾರಕ್ಕೆ ಅವರು ಇಡುವುದು ಅತ್ತೆಯ ರುಬ್ಬುಗುಂಡು. (ತವರಲ್ಲಿ ತಿಂಗಳುಗಟ್ಟಲೆ ಅಂಟಿನುಂಡಿ ತಿಂದು ಬಂದು ಇಲ್ಲಿ ಮತ್ತೆ ಅಂಟಿಗೇ ಸಿಕ್ಕೆ ಎಂದು ಅವರದೇ ತಮಾಷೆ.)

ಹಗಲಿಗೆ ಮಡಚುವುದು, ಹೊಲಿಯುವುದು. ಕೂಸು ಎದ್ದರೆ ಗಂಟಿನಲ್ಲಿ ನಿಲ್ಲಿಸುವುದು. ಅಂಟಿನ ಕೆಲಸಕ್ಕೆ ವಾರಕ್ಕೆ ಎರಡು ಸಂಜೆ. ಆಗ ಕೂಸು ಅಪ್ಪನ ಹತ್ತಿರ, ಬೇರೆ ಕೋಣೆಯಲ್ಲಿ. ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಪಟ್ಟು ಬಿಡಲಿಲ್ಲ: ರಾತ್ರಿ ಒಂಬತ್ತೂವರೆಯ ಹಾಲಾದ ಮೇಲೆ ಸೂಜಿ ಮುಟ್ಟಬಾರದು.

ಮೂರನೇ ಭೇಟಿಗೆ ಗಂಡನೂ ಬಂದರು. "ನಾನೂ ಹೆಲ್ಪ್ ಮಾಡ್ತೀನಲ್ರೀ," ಎಂದರು. ನಿಮ್ಮ ಕೂಸಿಗೆ ನೀವು ಹೆಲ್ಪ್ ಮಾಡುವುದು ಹೇಗೆ ಎಂದು ಕೇಳಿದೆ. ಸ್ವಲ್ಪ ಖಾರವಾಯಿತೇನೋ. ರೇಣುಕಾ ಸಂಬಳದ ನೌಕರಿಯಲ್ಲಿದ್ದಿದ್ದರೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಂತೆ 26 ವಾರ ಸಂಬಳ ಸಹಿತ ರಜೆ ಸಿಗಬಹುದಿತ್ತು, ಸ್ವಂತ ಕೆಲಸದವರಿಗೆ ಕೊಡುವವರಿಲ್ಲ ಎಂದಾಗ ಸುಮ್ಮನೆ ಕೇಳಿಸಿಕೊಂಡರು. ಎರಡು ಸಂಜೆಗೆ ಒಪ್ಪಿದರು.

ಸಂಖ್ಯೆಯ ವಿಷಯವನ್ನು ಎರಡನೇ ಭೇಟಿಯಲ್ಲೇ ಕಾಗದದ ಮೇಲೆ ಬಗೆಹರಿಸಿದ್ದೆವು. ಪುಸ್ತಕಕ್ಕೆ ಎಂಟು ಫಾರಂ. ಬಾಕಿ 56 ಪುಸ್ತಕಕ್ಕೆ 448 ಫಾರಂ. ಉಳಿದ 42 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ಹನ್ನೊಂದು. ಒಟ್ಟು 24 ಪುಸ್ತಕ ಎಂದುಕೊಂಡರೆ ಬಾಕಿ 20, ಅಂದರೆ 160 ಫಾರಂ, ದಿನಕ್ಕೆ ನಾಲ್ಕು. ಕ್ಷಮೆ ಕೇಳುತ್ತ ನಾಲ್ಕು ಪುಟ ಬರೆಯಲು ಹೊರಟವರನ್ನು ತಡೆದು ನನ್ನೆದುರೇ ಮೂರು ಸಾಲಿನ ಮೆಸೇಜು ಹಾಕಿಸಿದೆ: 24 ಕೊಡಬಲ್ಲೆ, ಉಳಿದವುಗಳ ಮುಂಗಡ ಈ ವಾರವೇ ವಾಪಸು, ಹಿರಿಯರಿಗೆ ಇವು ಸಾಕಾಗಬಹುದು. ಆ ಕಡೆಯವರು ಗೊಣಗಿದರು, ಒಪ್ಪಿದರು.

ಇನ್ನೆರಡು ವಿಷಯ ಹೇಳಲೇಬೇಕು. ಹುಳ ಹಿಡಿಯದಿರಲೆಂದು ಅವರು ಮೈದಾ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಬೆರೆಸುತ್ತಿದ್ದರು, ಹಳೆಯ ಬೈಂಡರುಗಳ ರೂಢಿಯಂತೆ. ಅದು ವಿಷ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸಿನ ಕೂಸಿರುವ ಮನೆಯಲ್ಲಿ ಅದರ ಪೊಟ್ಟಣವೇ ಇರಬಾರದು ಎಂದೆ. ಬ್ಲೇಡು, ದಬ್ಬಣ, ಸೂಜಿಗಳಿಗೆ ಮುಚ್ಚಳದ ಡಬ್ಬಿ. ಎದ್ದೇಳುವ ಮೊದಲು ಸೂಜಿಗಳನ್ನು ಎಣಿಸುವುದು.

ಎರಡನೆಯದು ಮಣಿಕಟ್ಟು. ಹೆಬ್ಬೆರಳಿನ ಬುಡದಲ್ಲಿ ನೋವು, ಕೂಸನ್ನು ಎತ್ತುವಾಗ ಜೀವ ಹೋದಂತೆ ಎಂದರು. ದಬ್ಬಣದ ತಪ್ಪೆಂದು ತಿಳಿದಿದ್ದರು. ಡಿ ಕ್ವೆರ್ವೇನ್ ಎಂಬ ಈ ಸ್ನಾಯುರಜ್ಜಿನ ನೋವು ಹೊಸ ತಾಯಂದಿರಲ್ಲಿ ಸಾಮಾನ್ಯ. ಕಂಕುಳಿಗೆ ಕೈಹಾಕಿ ಹೆಬ್ಬೆರಳು ಅಗಲಿಸಿ ಎತ್ತುವುದರಿಂದ ಹೆಚ್ಚುತ್ತದೆ. ಮೂಳೆ ವೈದ್ಯರ ಬಳಿ ಕಳಿಸಿದೆ. ಅವರೂ ಅದೇ ಎಂದರು, ಪಟ್ಟಿ ಕೊಟ್ಟರು. ಅಂಗೈ ಕೆಳಗಿಟ್ಟು ಎತ್ತುವುದನ್ನು ಅಲ್ಲಿಯೇ ಕಲಿತು ಬಂದರು.

ಕೊನೆಯ ಭೇಟಿಯ ಹೊತ್ತಿಗೆ 24 ಪುಸ್ತಕಗಳೂ ಹೋಗಿದ್ದವು. ಮಾಪನದಲ್ಲಿ 6. ಅತ್ತೆ ಈಗಲೂ ಕಣ್ಣಿನ ಮಾತು ಆಡುತ್ತಾರಂತೆ. ಆದರೆ ಮಧ್ಯಾಹ್ನ ಅವರ ಕೌದಿಯ ಚಾಪೆಯ ಇನ್ನೊಂದು ತುದಿಯಲ್ಲಿ ಸೊಸೆಗೂ ಜಾಗವಿದೆ. ಮಣಿಕಟ್ಟಿನ ನೋವು ಪೂರ್ತಿ ಹೋಗಿಲ್ಲ. ರಟ್ಟು ಕತ್ತರಿಸುವುದನ್ನು ಇನ್ನು ಮೂರು ತಿಂಗಳು ಪ್ರೆಸ್ಸಿನವರಿಗೇ ಕೊಡಿ, ಆ ಖರ್ಚನ್ನು ಪುಸ್ತಕದ ಬೆಲೆಗೆ ಸೇರಿಸಿ ಎಂದು ಹೇಳಿ ಕಳಿಸಿದ್ದೇನೆ.