ಶಾಲೆಯವರಿಗೆ ಲಸಿಕೆ ಮೊದಲು ಕೊಡಬೇಕಾ? ಕೊಡಬೇಕು, ಶಾಲೆ ತೆರೆಯುವುದಾದರೆ

ನಿಮ್ಮ ಪ್ರಶ್ನೆ ಇಷ್ಟು: ಮತ್ತೊಂದು ಸಾಂಕ್ರಾಮಿಕ ಬಂತು, ಲಸಿಕೆಯೂ ಬಂತು, ಆದರೆ ಎಲ್ಲರಿಗೂ ಸಾಕಾಗುವಷ್ಟು ಇಲ್ಲ. ಆಗ ಶಾಲೆಯಲ್ಲಿ ಕೆಲಸ ಮಾಡುವವರನ್ನು ಸಾಲಿನ ಮುಂದೆ ನಿಲ್ಲಿಸಬೇಕಾ? 30 ವರ್ಷದ ಗಟ್ಟಿಮುಟ್ಟಾದ ಮೇಷ್ಟ್ರಿಗೆ ಲಸಿಕೆ ಹಾಕಿ 70 ವರ್ಷದ ಅಜ್ಜಿಯನ್ನು ಕಾಯಿಸುವುದು ನ್ಯಾಯವಾ?

ನಾನು ಪಾಠ ಮಾಡುವವಳು. ಹಾಗಾಗಿ ನಾನು ಹೇಳುವುದನ್ನು ಸ್ವಲ್ಪ ಸೋಸಿಯೇ ಓದಿ. ನನ್ನ ಪ್ರಕಾರ ಅಜ್ಜಿಗೆ ಮೊದಲು, ಮೇಷ್ಟ್ರಿಗೆ ಆಮೇಲೆ. ಆದರೆ ಅದೇ ವಯಸ್ಸಿನ ಉಳಿದವರಿಗಿಂತ ಮೇಷ್ಟ್ರಿಗೆ ಮುಂಚೆ ಸಿಗಬೇಕು. ಅದಕ್ಕೂ ಒಂದು ಷರತ್ತು ಇದೆ. ಇಂಥ ದಿನ ಶಾಲೆ ತೆರೆಯುತ್ತೇವೆ ಅಂತ ಸರ್ಕಾರ ದಿನಾಂಕ ಹೇಳಬೇಕು. ತೆರೆಯುವ ಯೋಚನೆಯೇ ಇಲ್ಲ ಅಂದರೆ ನಮಗೆ ಯಾಕೆ ಮುಂಚೆ ಕೊಡಬೇಕು? ಮನೆಯಲ್ಲಿ ಕೂತು ಆನ್‌ಲೈನ್ ಪಾಠ ಮಾಡುವವಳಿಗಿಂತ ದಿನವಿಡೀ ಅಂಗಡಿಯಲ್ಲಿ ನಿಲ್ಲುವವನಿಗೆ ಸೋಂಕು ತಗಲುವ ಭಯ ಜಾಸ್ತಿ ಅಲ್ವಾ?

ಅಜ್ಜಿಗೆ ಮೊದಲು ಅಂದಿದ್ದು ಕೋವಿಡ್ ಥರದ ಕಾಯಿಲೆಗೆ. ಕೋವಿಡ್‌ನಲ್ಲಿ ಸಾವಿನ ಅಪಾಯ ವಯಸ್ಸಿನ ಜೊತೆ ಏರುತ್ತಾ ಹೋಯಿತು, ಅದೂ ಸುಮ್ನೆ ಸ್ವಲ್ಪ ಸ್ವಲ್ಪ ಅಲ್ಲ. ಲಸಿಕೆ ಇಲ್ಲದ ಕಾಲದಲ್ಲಿ ಸೋಂಕು ತಗಲಿದ 70ರ ವ್ಯಕ್ತಿ ಸಾಯುವ ಸಾಧ್ಯತೆ 30ರವನಿಗಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಅಂಥ ಕಾಯಿಲೆಯಲ್ಲಿ ಒಂದೇ ಡೋಸ್ ಉಳಿದಿದ್ದರೆ ಅದು ಯಾರಿಗೆ ಅನ್ನುವುದರಲ್ಲಿ ಗೊಂದಲ ಇಲ್ಲ. ಆದರೆ ಎಲ್ಲ ಸಾಂಕ್ರಾಮಿಕವೂ ಹೀಗೆ ಇರುವುದಿಲ್ಲ. 1918ರ ಫ್ಲೂ 20ರಿಂದ 40ರ ಹರೆಯದವರನ್ನೇ ವಿಪರೀತವಾಗಿ ಕೊಂದಿತು. 2009ರಲ್ಲಿ ಎಚ್1ಎನ್1 ಬಂದಾಗ ಅಮೆರಿಕದ ಲಸಿಕೆ ಪಟ್ಟಿಯಲ್ಲಿ ಮೊದಲು ಇದ್ದವರು ಗರ್ಭಿಣಿಯರು, ಆರೋಗ್ಯ ಸಿಬ್ಬಂದಿ, 6 ತಿಂಗಳಿಂದ 24 ವರ್ಷದವರೆಗಿನವರು, 6 ತಿಂಗಳೂ ತುಂಬದ ಶಿಶುಗಳನ್ನು ನೋಡಿಕೊಳ್ಳುವವರು, ಮತ್ತು ಬೇರೆ ಕಾಯಿಲೆ ಇರುವ 64ರೊಳಗಿನ ದೊಡ್ಡವರು. 65 ದಾಟಿದವರು ಆ ಸಲ ಹಿಂದೆ ನಿಂತರು. ಮುಂದಿನ ಸಾಂಕ್ರಾಮಿಕ ಮಕ್ಕಳಿಂದ ಹರಡಿ, ಅವರ ಜೊತೆಗಿರುವ ನಡುವಯಸ್ಸಿನವರನ್ನು ಕೊಲ್ಲುವಂಥದ್ದಾದರೆ ನನ್ನ ಉತ್ತರವೇ ತಿರುಗುತ್ತದೆ. ಆಗ ಶಾಲೆಯವರಿಗೆ ಆಸ್ಪತ್ರೆಯವರ ಬೆನ್ನಿಗೇ ಕೊಡಬೇಕಾಗುತ್ತದೆ. ಹಾಗಾಗಿ ಪಟ್ಟಿಯನ್ನು ಈಗಲೇ ಕಲ್ಲಿನಲ್ಲಿ ಕೆತ್ತಿ ಇಡುವುದಕ್ಕೆ ಆಗುವುದಿಲ್ಲ.

ಇನ್ನು ಕೋವಿಡ್‌ನಲ್ಲಿ ಶಿಕ್ಷಕರಿಗೆ ನಿಜವಾಗಿ ಎಷ್ಟು ಅಪಾಯ ಇತ್ತು? ಇದರ ಬಗ್ಗೆ ಎರಡೂ ಕಡೆಯವರು ಕೂಗಾಡಿದರು, ಎರಡೂ ಕಡೆಗೆ ಅರ್ಧ ಸತ್ಯ ಇತ್ತು.

ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2021ರ ಜನವರಿಯಲ್ಲಿ ಉದ್ಯೋಗವಾರು ಸಾವಿನ ಲೆಕ್ಕ ಕೊಟ್ಟಿತು. ದುಡಿಯುವ ವಯಸ್ಸಿನ ಉಳಿದ ಜನರಿಗೆ ಹೋಲಿಸಿದರೆ ಶಿಕ್ಷಕರ ಸಾವಿನ ಪ್ರಮಾಣ ಹೆಚ್ಚಿರಲಿಲ್ಲ. 'ನೋಡಿದ್ರಾ, ಟೀಚರ್‌ಗಳು ಸುಮ್ನೆ ಗಲಾಟೆ ಮಾಡ್ತಾರೆ' ಅಂತ ಕೆಲವರು ಹೇಳಿದ್ದು ಇದನ್ನು ಹಿಡಿದೇ. ಆದರೆ ಆ ಲೆಕ್ಕ ಇದ್ದಿದ್ದು 2020ರದ್ದು. ಅದರಲ್ಲಿ ಹಲವು ತಿಂಗಳು ಶಾಲೆಗಳೇ ಹೆಚ್ಚಿನ ಮಕ್ಕಳಿಗೆ ಮುಚ್ಚಿದ್ದವು. ಮನೆಯಲ್ಲಿದ್ದವರಿಗೆ ಅಪಾಯ ಕಡಿಮೆ ಇದ್ದರೆ ಅದರಲ್ಲೇನು ಆಶ್ಚರ್ಯ?

ನನಗೆ ಹೆಚ್ಚು ಸಹಾಯ ಮಾಡಿದ್ದು ಸ್ವೀಡನ್ನಿನ ಅಧ್ಯಯನ. ಅಲ್ಲಿ 2020ರ ಮಾರ್ಚ್‌ನಲ್ಲಿ ದೊಡ್ಡ ತರಗತಿಗಳನ್ನು, ಅಂದರೆ ಸುಮಾರು 16 ದಾಟಿದ ಮಕ್ಕಳ ತರಗತಿಗಳನ್ನು, ಆನ್‌ಲೈನಿಗೆ ಹಾಕಿದರು. ಅದಕ್ಕಿಂತ ಚಿಕ್ಕವರ ಶಾಲೆ ತೆರೆದೇ ಇತ್ತು. ಹೆಚ್ಚು ಕಡಿಮೆ ಒಂದೇ ಥರದ ಓದು, ಒಂದೇ ಥರದ ಸಂಬಳ, ಒಂದೇ ಥರದ ಬದುಕು ಇರುವ ಎರಡು ಗುಂಪಿನ ಶಿಕ್ಷಕರು. ಒಂದು ಗುಂಪು ಮನೆಯಲ್ಲಿ, ಇನ್ನೊಂದು ತರಗತಿಯಲ್ಲಿ. ಇಂಥ ಹೋಲಿಕೆ ಬೇಕು ಅಂತ ಯಾರೂ ಮಾಡಿಸಿದ್ದಲ್ಲ, ತಾನಾಗಿಯೇ ಸಿಕ್ಕಿತು. ತರಗತಿಗೆ ಹೋದವರಲ್ಲಿ ಪರೀಕ್ಷೆಯಿಂದ ಖಚಿತವಾದ ಸೋಂಕು ಸುಮಾರು ದುಪ್ಪಟ್ಟು ಇತ್ತು. ಅವರ ಗಂಡ ಅಥವಾ ಹೆಂಡತಿಗೂ ಸೋಂಕು ಸ್ವಲ್ಪ ಹೆಚ್ಚು ತಗಲಿತ್ತು. ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಮಾತ್ರ ಏರಿಕೆ ತೀರಾ ಕಡಿಮೆ.

ಇದರಿಂದ ನನಗೆ ತಿಳಿದದ್ದು ಇಷ್ಟು. ಶಾಲೆ ತೆರೆದಾಗ ಅದರ ಭಾರ ಹೆಚ್ಚಾಗಿ ಬೀಳುವುದು ಅಲ್ಲಿ ಕೆಲಸ ಮಾಡುವ ದೊಡ್ಡವರ ಮೇಲೆ. ಅದು ವೈದ್ಯರು, ನರ್ಸ್‌ಗಳಿಗೆ ಇರುವಷ್ಟು ದೊಡ್ಡ ಅಪಾಯ ಅಲ್ಲ. ಇಲ್ಲವೇ ಇಲ್ಲ ಅನ್ನುವಂಥದ್ದೂ ಅಲ್ಲ. ಆಸ್ಪತ್ರೆಯವರಿಗೂ ವಯಸ್ಸಾದವರಿಗೂ ಆದ ಮೇಲೆ ನಮ್ಮ ಸರದಿ ಅನ್ನುವುದಕ್ಕೆ ಅಷ್ಟು ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪೂ 2020ರ ಕೊನೆಯಲ್ಲಿ ಹೆಚ್ಚು ಕಡಿಮೆ ಹೀಗೇ ಪಟ್ಟಿ ಮಾಡಿತ್ತು. ಸೋಂಕು ಊರೆಲ್ಲ ಹರಡಿರುವ ಕಡೆ ಮೊದಲ ಹಂತದಲ್ಲಿ ಆರೋಗ್ಯ ಸಿಬ್ಬಂದಿ ಮತ್ತು ವಯಸ್ಸಾದವರು. ಎರಡನೇ ಹಂತದಲ್ಲಿ ಬೇರೆ ಕಾಯಿಲೆ ಇರುವವರ ಜೊತೆ ಆದ್ಯತೆಯ ಶಿಕ್ಷಕರು, ಶಾಲಾ ಸಿಬ್ಬಂದಿ. ಉಳಿದ ಶಾಲಾ ಸಿಬ್ಬಂದಿ ಮೂರನೇ ಹಂತಕ್ಕೆ. ಶಿಕ್ಷಕರನ್ನೇ ಎರಡು ಭಾಗ ಮಾಡಿದ್ದು ನನಗೆ ಇಷ್ಟವಾಯಿತು. ಅದಕ್ಕೆ ಕಾರಣ ಕೆಳಗೆ ಬರುತ್ತದೆ.

ಬ್ರಿಟನ್ ಮಾತ್ರ ಉದ್ಯೋಗವನ್ನು ನೋಡಲೇ ಇಲ್ಲ. ಅಲ್ಲಿನ ಲಸಿಕಾ ಸಮಿತಿ ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಯನ್ನು ಬಿಟ್ಟರೆ ವಯಸ್ಸು ಮತ್ತು ಕಾಯಿಲೆಯನ್ನೇ ಅಳತೆಗೋಲು ಮಾಡಿತು. ಮೊದಲ ಸುತ್ತಿನಲ್ಲಿ 50ರವರೆಗೆ ಇಳಿದು ಬಂದರು. ತಡೆಯಬಹುದಾದ ಸಾವುಗಳಲ್ಲಿ ಸುಮಾರು 99% ಅಷ್ಟರಲ್ಲೇ ಬರುತ್ತದೆ ಅನ್ನುವುದು ಅವರ ಅಂದಾಜು. ಎರಡನೇ ಸುತ್ತಿನಲ್ಲಾದರೂ ಶಿಕ್ಷಕರಿಗೆ, ಪೊಲೀಸರಿಗೆ ಕೊಡಿ ಅಂತ ಒತ್ತಾಯ ಬಂತು. 2021ರ ಫೆಬ್ರವರಿ ಕೊನೆಗೆ ಸಮಿತಿ ಇಲ್ಲ ಅಂದಿತು. 40ರವರು, ಆಮೇಲೆ 30ರವರು, ಆಮೇಲೆ ಉಳಿದವರು, ಅಷ್ಟೇ. ಕಾರಣ ತೀರಾ ಕಚೇರಿ ಲೆಕ್ಕದ್ದು: ವೈದ್ಯರ ಕಡತದಲ್ಲಿ ಹುಟ್ಟಿದ ದಿನಾಂಕ ಇರುತ್ತದೆ, ಯಾರು ಎಲ್ಲಿ ಕೆಲಸ ಮಾಡುತ್ತಾರೆ ಅನ್ನುವುದು ಇರುವುದಿಲ್ಲ. ಉದ್ಯೋಗ ನೋಡುತ್ತಾ ಕೂತರೆ ಇಡೀ ಕೆಲಸವೇ ನಿಧಾನವಾಗುತ್ತದೆ. ಇಂಗ್ಲೆಂಡ್‌ನಲ್ಲಿ ಶಾಲೆಗಳು ಮಾರ್ಚ್ 8ಕ್ಕೆ ತೆರೆದವು, ಶಿಕ್ಷಕರಿಗೆ ಅಂತ ಬೇರೆ ಸಾಲು ಇಲ್ಲದೆಯೇ.

ನನ್ನ ಮಾತಿಗೆ ಇರುವ ಅತ್ಯಂತ ಗಟ್ಟಿ ಎದುರುವಾದ ಇದೇ. ಲಸಿಕೆ ಬೇಗ ಬೇಗ ಬರುತ್ತಿದ್ದು, ಕೆಲವೇ ವಾರಗಳಲ್ಲಿ ಎಲ್ಲರಿಗೂ ಸಿಗುವ ಹಾಗಿದ್ದರೆ ನಾನೂ ಒಪ್ಪುತ್ತೇನೆ. ಸುಮ್ನೆ ವಯಸ್ಸಿನ ಪ್ರಕಾರ ಹೋಗಿ. ಪಟ್ಟಿ ಮಾಡುವುದರಲ್ಲೇ ಡೋಸ್‌ಗಳು ಫ್ರಿಜ್‌ನಲ್ಲಿ ಕೊಳೆಯಬಾರದು. ಆದರೆ ಜಗತ್ತಿನ ಬಹುಪಾಲು ದೇಶಗಳಿಗೆ ಲಸಿಕೆ ಹನಿ ಹನಿಯಾಗಿ ಬಂತು. 30ರವರ ಸರದಿ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಂಥ ಕಡೆ ಬ್ರಿಟನ್ನಿನ ದಾರಿ ಹಿಡಿದರೆ ಶಾಲೆಯವರೂ ಅಷ್ಟು ತಿಂಗಳು ಕಾಯಬೇಕು. ಇನ್ನೊಂದು ವಿಷಯ. ಶಾಲೆಯವರ ಪಟ್ಟಿ ಸಿಗುವುದು ಉಳಿದವರ ಪಟ್ಟಿಯಷ್ಟು ಕಷ್ಟ ಅಲ್ಲ. ಪ್ರತಿ ಶಾಲೆಯಲ್ಲೂ ಹಾಜರಿ ಪುಸ್ತಕ ಇದೆ, ಸಂಬಳದ ಪಟ್ಟಿ ಇದೆ. ಲಸಿಕೆ ಹಾಕುವುದಕ್ಕೆ ಕಟ್ಟಡವೂ ಇದೆ.

ಈಗ ನನ್ನ ಷರತ್ತಿಗೆ ಬರುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯವನ್ನು ನೋಡಿ. ಅಲ್ಲಿ 2021ರ ಜನವರಿ ಕೊನೆಯಲ್ಲಿ ಶಿಕ್ಷಕರಿಗೆ, ಶಾಲಾ ಸಿಬ್ಬಂದಿಗೆ ಲಸಿಕೆ ಶುರು ಮಾಡಿದರು. 80 ದಾಟಿದವರಿಗೆ ಶುರುವಾಗಿದ್ದು ಫೆಬ್ರವರಿ 8ಕ್ಕೆ, 65 ದಾಟಿದವರಿಗೆ ಮಾರ್ಚ್ 1ಕ್ಕೆ. ಅಂದರೆ ನೀವು ಕೇಳಿದ ಪ್ರಶ್ನೆಗೆ ಅವರು ಮೇಷ್ಟ್ರು ಮೊದಲು ಅಂತ ನಿಜವಾಗಿಯೂ ಉತ್ತರ ಕೊಟ್ಟುಬಿಟ್ಟರು. ಬೇಗ ಶಾಲೆ ತೆರೆಯಬೇಕು ಅನ್ನುವುದೇ ಕಾರಣ. ಆದರೆ ಶಾಲೆಗಳು ತೆರೆದವಾ? ತುಂಬಾ ಕಡೆ ಇಲ್ಲ. ಮಾರ್ಚ್‌ನಲ್ಲಿ ಗವರ್ನರ್ ಆದೇಶ ಹೊರಡಿಸಿ, ಚಿಕ್ಕ ತರಗತಿಗಳಿಗೆ ಮಾರ್ಚ್ ಕೊನೆಯ ಗಡುವು, ದೊಡ್ಡವರಿಗೆ ಏಪ್ರಿಲ್ ಮಧ್ಯದ ಗಡುವು ಹಾಕಬೇಕಾಯಿತು. ಆ ಆದೇಶ ಲಸಿಕೆಯ ಜೊತೆಗೇ ಬಂದಿದ್ದರೆ ಇಡೀ ಯೋಜನೆಗೆ ಒಂದು ಅರ್ಥ ಇರುತ್ತಿತ್ತು. ಅದಿಲ್ಲದೆ, 78ರ ಅಜ್ಜ ಕಾದಿದ್ದಕ್ಕೆ ಪ್ರತಿಯಾಗಿ ಮಕ್ಕಳಿಗೆ ಏನು ಸಿಕ್ಕಿತು ಅಂತ ಯಾರಾದರೂ ಕೇಳಿದರೆ ಹೇಳುವುದಕ್ಕೆ ಉತ್ತರ ಇಲ್ಲ. ನಮ್ಮ ವೃತ್ತಿಯವರ ಬಗ್ಗೆಯೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇದರ ತಲೆಕೆಳಗು ಆಗಿದ್ದು ಉಗಾಂಡದಲ್ಲಿ. ಅಲ್ಲಿ ಶಿಕ್ಷಕರಿಗೆ ಲಸಿಕೆ ಆದ ಮೇಲೆಯೇ ಶಾಲೆ ಅನ್ನುವ ನಿಲುವು ಬಂತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಲಸಿಕೆಯೇ ದೇಶಕ್ಕೆ ಬರುತ್ತಿರಲಿಲ್ಲ. ನಡುವೆ ಕೆಲವು ತರಗತಿಗಳು ಸ್ವಲ್ಪ ಕಾಲ ನಡೆದದ್ದು ಬಿಟ್ಟರೆ, ಶಾಲೆಗಳು ಪೂರ್ತಿ ತೆರೆದಿದ್ದು 2022ರ ಜನವರಿ 10ಕ್ಕೆ. ಮುಚ್ಚಿ ಹತ್ತಿರ ಹತ್ತಿರ ಎರಡು ವರ್ಷ ಆಗಿತ್ತು. ಆದ್ಯತೆ ಕೊಡಿ ಅನ್ನುವುದು ಬೇರೆ, ಲಸಿಕೆ ಆಗುವ ತನಕ ಬಾಗಿಲು ತೆಗೆಯಬೇಡಿ ಅನ್ನುವುದು ಬೇರೆ. ಮೊದಲನೆಯದನ್ನು ನಾನು ಕೇಳುತ್ತೇನೆ, ಎರಡನೆಯದನ್ನು ಖಂಡಿತ ಕೇಳುವುದಿಲ್ಲ. ಡೆನ್ಮಾರ್ಕ್ 2020ರ ಏಪ್ರಿಲ್ 15ಕ್ಕೇ ಚಿಕ್ಕ ಮಕ್ಕಳ ಶಾಲೆ ತೆರೆಯಿತು. ಆಗ ಲಸಿಕೆಯ ಸುಳಿವೂ ಇರಲಿಲ್ಲ. ಮಕ್ಕಳನ್ನು ಸಣ್ಣ ಗುಂಪು ಮಾಡಿ, ದೂರ ಕೂರಿಸಿ, ಆದಷ್ಟು ಬಯಲಿನಲ್ಲಿ ಪಾಠ ಮಾಡಿ ನಿಭಾಯಿಸಿದರು.

ಲಸಿಕೆ ಕೊಟ್ಟ ಮಾತ್ರಕ್ಕೆ ಶಾಲೆ ತೆರೆದೇ ಇರುತ್ತದೆ ಅಂತಲೂ ಇಲ್ಲ. ಚಿಲಿ ದೇಶ 2021ರ ಫೆಬ್ರವರಿ ಮಧ್ಯದಲ್ಲಿ ಶಿಕ್ಷಕರಿಗೆ ಲಸಿಕೆ ಶುರು ಮಾಡಿ ಮಾರ್ಚ್ 1ಕ್ಕೆ ತರಗತಿ ಶುರು ಮಾಡಿತು. ತಿಂಗಳು ಕಳೆಯುವಷ್ಟರಲ್ಲಿ ಸೋಂಕು ಏರಿ ದೇಶದ ಬಹುಭಾಗ ಮತ್ತೆ ಲಾಕ್‌ಡೌನ್ ಆಯಿತು. ಹೊರಗೆ ಬೆಂಕಿ ಬಿದ್ದಿರುವಾಗ ಶಾಲೆಯೊಳಗಿನವರಿಗೆ ಮಾತ್ರ ನೀರು ಹಾಕಿದರೆ ಏನು ಪ್ರಯೋಜನ?

ಹಾಗಾದರೆ ಶಾಲೆಗೆ ಇಷ್ಟು ಮಹತ್ವ ಯಾಕೆ, ಅಂಗಡಿಯವರಿಗೂ ಬಸ್ಸಿನವರಿಗೂ ಇದೇ ವಾದ ಹೊಂದುವುದಿಲ್ಲವಾ ಅಂತ ಕೇಳಬಹುದು. ಕೇಳಲೇಬೇಕು. ಅವರು ಕೆಲಸ ನಿಲ್ಲಿಸಲೇ ಇಲ್ಲ, ನಾವು ನಿಲ್ಲಿಸಿದೆವು. ನ್ಯಾಯವಾಗಿ ನೋಡಿದರೆ ಅವರಿಗೂ ಅದೇ ಹಂತದಲ್ಲಿ ಸಿಗಬೇಕು. ಅಮೆರಿಕದ ಸಲಹಾ ಸಮಿತಿ 2020ರ ಡಿಸೆಂಬರ್‌ನಲ್ಲಿ ಹಾಗೆಯೇ ಮಾಡಿತ್ತು. 75 ದಾಟಿದವರ ಜೊತೆ ಶಿಕ್ಷಕರು, ಪೊಲೀಸರು, ದಿನಸಿ ಅಂಗಡಿಯವರು, ಬಸ್ ಓಡಿಸುವವರು ಎಲ್ಲ ಒಂದೇ ಗುಂಪು. ಶಾಲೆಯ ವಿಷಯದಲ್ಲಿ ಇರುವ ವ್ಯತ್ಯಾಸ ಒಂದೇ. ಇಲ್ಲಿ ಒಬ್ಬರಿಗೆ ಹಾಕಿದ ಲಸಿಕೆಯ ಪ್ರಯೋಜನ ಲಸಿಕೆಯೇ ಇಲ್ಲದ ಹತ್ತಾರು ಮಕ್ಕಳಿಗೆ ಸಿಗುತ್ತದೆ. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತು ಅಂತ ವಿಶ್ವ ಆಹಾರ ಕಾರ್ಯಕ್ರಮ ಲೆಕ್ಕ ಹಾಕಿತ್ತು. ಓದಿನ ನಷ್ಟ ಆಮೇಲಿನ ಮಾತು.

ಪಟ್ಟಿಯಲ್ಲಿ ಯಾರ ಹೆಸರಿರಬೇಕು ಅನ್ನುವುದು ಇನ್ನೊಂದು ಮುಖ್ಯ ವಿಷಯ. ಶಾಲಾ ಸಿಬ್ಬಂದಿ ಅಂದ ತಕ್ಷಣ ಎಲ್ಲರಿಗೂ ಕಣ್ಣ ಮುಂದೆ ಬರುವುದು ಕಪ್ಪು ಹಲಗೆಯ ಮುಂದೆ ನಿಂತ ಟೀಚರ್. ಆದರೆ ನಾನು ಮಕ್ಕಳಿಂದ ನಾಲ್ಕು ಹೆಜ್ಜೆ ದೂರ ನಿಂತು, ಕಿಟಕಿ ತೆಗೆದು, ಮಾಸ್ಕ್ ಹಾಕಿ ಪಾಠ ಮಾಡಬಹುದು. ಆಯಾಗೆ ಅದು ಆಗುವುದಿಲ್ಲ. ಅವರು ಮಗುವಿನ ಮೂಗು ಒರೆಸಬೇಕು, ಬಟ್ಟೆ ಬದಲಿಸಬೇಕು. ವಿಶೇಷ ಮಕ್ಕಳ ಜೊತೆ ಕೆಲಸ ಮಾಡುವವರು ಕೈ ಹಿಡಿದು ಊಟ ಮಾಡಿಸಬೇಕು, ಕೆಲವೊಮ್ಮೆ ಎತ್ತಿಕೊಳ್ಳಬೇಕು. ಶಾಲೆ ಬಸ್ಸಿನ ಡ್ರೈವರ್ ಮುಚ್ಚಿದ ಗಾಡಿಯಲ್ಲಿ ಇರುತ್ತಾರೆ. ಅಡುಗೆಯವರು, ಕಸ ಗುಡಿಸುವವರು, ಕಾವಲಿನವರು ಸಾಮಾನ್ಯವಾಗಿ ವಯಸ್ಸಿನಲ್ಲಿ ನಮಗಿಂತ ದೊಡ್ಡವರು. ಅವರಲ್ಲಿ ಎಷ್ಟೋ ಜನ ಗುತ್ತಿಗೆಯವರು, ಶಾಲೆಯ ಸಂಬಳದ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಹಾಜರಿ ಪುಸ್ತಕ ನೋಡಿ ಲಸಿಕೆ ಕೊಟ್ಟರೆ ಮೊದಲು ತಪ್ಪಿಹೋಗುವವರು ಇವರೇ. ಹಾಗಾಗಿ ಶಾಲೆಯೊಳಗೂ ಒಂದು ಸರದಿ ಬೇಕು: ಯಾವ ಕೆಲಸ ಮಾಡಲಿ, ವಯಸ್ಸಾದವರು ಮತ್ತು ಸಕ್ಕರೆ ಕಾಯಿಲೆಯಂಥದ್ದು ಇರುವವರು ಮೊದಲು. ಆಮೇಲೆ ಮಕ್ಕಳನ್ನು ಮುಟ್ಟಿ ಕೆಲಸ ಮಾಡುವವರು. ಮನೆಯಿಂದ ಪಾಠ ಮುಂದುವರಿಸಬಹುದಾದ ನನ್ನಂಥವರು ಕೊನೆಗೆ.

ಒಂದು ಲೆಕ್ಕ ಮಾತ್ರ ಮರೆಯಬಾರದು. ಕೋವಿಡ್ ಲಸಿಕೆಗಳಲ್ಲಿ ಹೆಚ್ಚಿನವಕ್ಕೆ ಎರಡು ಡೋಸ್ ಬೇಕಿತ್ತು, ನಡುವೆ ಕನಿಷ್ಠ ಮೂರು ನಾಲ್ಕು ವಾರ. ಎರಡನೇ ಡೋಸ್ ಆದ ಮೇಲೆ ರಕ್ಷಣೆ ಪೂರ್ತಿ ಬರುವುದಕ್ಕೆ ಇನ್ನೆರಡು ವಾರ. ಅಂದರೆ ಜೂನ್ 1ಕ್ಕೆ ಶಾಲೆ ಶುರು ಅಂದರೆ ಏಪ್ರಿಲ್ ಮಧ್ಯದಲ್ಲಿ ಮೊದಲ ಡೋಸ್ ಆಗಿರಬೇಕು. ಭಾರತದಲ್ಲಿ 2021ರ ಆಗಸ್ಟ್ ಕೊನೆಗೆ ಕೇಂದ್ರ ಸರ್ಕಾರ ರಾಜ್ಯಗಳಿಗೆ 2 ಕೋಟಿಗೂ ಹೆಚ್ಚು ಹೆಚ್ಚುವರಿ ಡೋಸ್ ಕೊಟ್ಟು, ಸೆಪ್ಟೆಂಬರ್ 5ರ ಶಿಕ್ಷಕರ ದಿನದೊಳಗೆ ಎಲ್ಲ ಶಿಕ್ಷಕರಿಗೂ ಹಾಕಿ ಅಂತ ಕೇಳಿಕೊಂಡಿತು. ಉದ್ದೇಶ ಒಳ್ಳೆಯದೇ. ಆದರೆ ಅಷ್ಟೊತ್ತಿಗೆ 18 ದಾಟಿದ ಎಲ್ಲರಿಗೂ ಲಸಿಕೆ ತೆರೆದು ನಾಲ್ಕು ತಿಂಗಳಾಗಿತ್ತು. ಆದ್ಯತೆ ಅಂತ ಕೊಡುವುದಾದರೆ ಅದಕ್ಕಿಂತ ಮುಂಚೆ ಕೊಡಬೇಕಿತ್ತು.

ಲಸಿಕೆ ಬೇಡ ಅನ್ನುವ ಸಿಬ್ಬಂದಿ ಇದ್ದರೆ ಏನು ಮಾಡುವುದು ಅಂತಲೂ ನೀವು ಕೊನೆಯಲ್ಲಿ ಕೇಳಿದ್ದೀರಿ. ಅವರ ಡೋಸ್ ಅದೇ ದಿನ ಪಟ್ಟಿಯ ಮುಂದಿನ ಹೆಸರಿಗೆ ಹೋಗಬೇಕು. ಅವರಿಗೋಸ್ಕರ ಶಾಲೆ ತೆರೆಯುವ ದಿನಾಂಕ ಮುಂದೆ ಹೋಗಬಾರದು.