ಗಾಳದ ಪ್ರಶ್ನೋತ್ತರ: ಲೂರ್ ಕಲ್ಲಿನ ಪಾಲಾಗದಿರಲು ಯಾವ ದಾರ, ಯಾವ ಗಂಟು?

ಪ್ರಶ್ನೆ: ಅಣ್ಣಾ, ನಾನು ಕೋಡಿಯ ಅಲೆ ತಡೆಯುವ ಕಲ್ಲುಗೋಡೆಯಾದ ಬ್ರೇಕ್‌ವಾಟರ್‌ನಲ್ಲಿ ಸಂಜೆ ಹೊತ್ತು ಲೂರ್, ಅಂದರೆ ನಕಲಿ ಎರೆ ಹಾಕುತ್ತೇನೆ. ಹೋದ ವಾರ ಒಂದೇ ಸಂಜೆ ಮೂರು ಲೂರ್ ಹೋದವು. ಒಂದೊಂದಕ್ಕೆ ಐನೂರು ರೂಪಾಯಿ. 20 ಪೌಂಡಿನ ಬ್ರೇಡ್ (ಹೆಣೆದ ದಾರ) ಇತ್ತು, ಅದನ್ನೇ ನೇರ ಲೂರಿಗೆ ಕಟ್ಟಿದ್ದೆ. 40 ಪೌಂಡಿನದ್ದು ಹಾಕಿದರೆ ಸರಿಯಾಗುತ್ತದಾ?
– ಓದುಗರು, ಕುಂದಾಪುರ

ಉತ್ತರ: ಹೊಸ ದಾರ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ದಾರ ತುಂಡಾದಾಗ ಕೂಡಲೇ ಬೇರೆ ಲೂರ್ ಕಟ್ಟಬೇಡಿ. ವಾಪಸ್ ಬಂದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಸುರುಳಿ ಸುರುಳಿಯಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ನಾರು ನಾರಾಗಿ ಎದ್ದಿದ್ದರೆ ಕಲ್ಲಿಗೆ ಉಜ್ಜಿ ಸವೆದಿದೆ. ಬ್ಲೇಡಿನಲ್ಲಿ ಕೊಯ್ದಂತೆ ನುಣ್ಣಗಿದ್ದರೆ ಚಿಪ್ಪು ಕೊಯ್ದಿದೆ, ಇಲ್ಲವೇ ಮೀನಿನ ಹಲ್ಲು. ಮೂರಕ್ಕೂ ಮದ್ದು ಬೇರೆ ಬೇರೆ. ದಪ್ಪ ದಾರ ಈ ಮೂರರಲ್ಲಿ ಒಂದಕ್ಕೂ ಪೂರ್ತಿ ಮದ್ದಲ್ಲ.

20 ಪೌಂಡಿನ ದಾರ ಅಂದರೆ ಸುಮಾರು 9 ಕಿಲೋ ಎಳೆತ ತಡೆಯುವಂಥದ್ದು. ದಡದಲ್ಲಿ ನಿಂತು ರಾಡ್ ಎತ್ತಿ ಅಷ್ಟು ಎಳೆಯುವುದೇ ಕಷ್ಟ. ಹಾಗಾಗಿ ನಿಮ್ಮದು ಬರೀ ಎಳೆತಕ್ಕೆ ಹೋಗಿರಲಾರದು. ಬ್ರೇಡ್ ಎಂದರೆ ಕೂದಲಿಗಿಂತ ತೆಳುವಾದ ಪಾಲಿಥಿಲೀನ್ ಎಳೆಗಳ ಹೆಣಿಗೆ. ನೇರ ಎಳೆತಕ್ಕೆ ಭಾರಿ ಗಟ್ಟಿ. ಆದರೆ ಬಿಗಿಯಾಗಿದ್ದಾಗ ಕಲ್ಲಿಗೆ ಅಂಟಿಕೊಂಡಿರುವ ಕಲ್ಗದ (ಸಿಂಪಿಯ) ಚಿಪ್ಪು ತಾಗಿದರೆ ಎಳೆಗಳು ಒಂದೊಂದಾಗಿ ಹೋಗುತ್ತವೆ. ಬ್ರೇಕ್‌ವಾಟರ್ ಕಲ್ಲುಗಳ ಮೈತುಂಬ ಇರುವುದು ಅದೇ ಚಿಪ್ಪು, ಅಲ್ವಾ?

ಅದಕ್ಕೇ ಬ್ರೇಡಿನ ತುದಿಗೆ ಲೀಡರ್, ಅಂದರೆ ಬ್ರೇಡ್ ಮತ್ತು ಲೂರಿನ ನಡುವೆ ಕಟ್ಟುವ ಬೇರೆ ದಾರದ ತುಂಡು, ಬೇಕೇ ಬೇಕು. 30 ಅಥವಾ 40 ಪೌಂಡಿನ ಮೋನೊ, ಅಂದರೆ ನಮ್ಮ ಹಳೆಯ ನೈಲಾನ್ ತಂಗೂಸಿಯೇ, ಒಂದೂವರೆ ಮೀಟರ್ ಹಾಕಿ. ಅದರ ಮೈ ನುಣುಪು ಮತ್ತು ದಪ್ಪ. ಚಿಪ್ಪು ತಾಗಿದರೆ ಗೀರು ಬೀಳುತ್ತದೆ, ಒಮ್ಮೆಲೇ ಕಡಿಯುವುದಿಲ್ಲ. ಫ್ಲೋರೋಕಾರ್ಬನ್ನೇ ಆಗಬೇಕು ಎಂದು ಅಂಗಡಿಯಲ್ಲಿ ಹೇಳಬಹುದು. ಅದು ನೀರಿನಲ್ಲಿ ಕಾಣುವುದು ಕಡಿಮೆ, ಮೈಯೂ ಗಟ್ಟಿ, ನಿಜ. ಆದರೆ ಅದು ನೀರಿಗಿಂತ ಸುಮಾರು 1.78 ಪಟ್ಟು ತೂಕದ್ದು, ನೈಲಾನ್ ಬರೀ 1.14 ಪಟ್ಟು. ಲೀಡರ್ ಮುಳುಗಿದಷ್ಟೂ ಕಲ್ಲಿಗೆ ಹತ್ತಿರ. ಪಂಚಗಂಗಾವಳಿ ನದಿಯ ಕಲಕು ನೀರಿನಲ್ಲಿ ತೇಲುವ ಲೂರ್ ಹಾಕುವವರಿಗೆ ಮೋನೊ ಸಾಕು ಎಂಬುದು ನನ್ನ ಅಭಿಪ್ರಾಯ. ತಿಳಿನೀರಿನಲ್ಲಿ ತಳಕ್ಕೆ ಲೂರ್ ಇಳಿಸುವವರು ಫ್ಲೋರೋಕಾರ್ಬನ್‌ಗೆ ದುಡ್ಡು ಹಾಕಲಿ.

ಇನ್ನೊಂದು ವಿಷಯ. ನಾನು ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಸಿಕ್ಕಿಕೊಂಡರೆ ಎಲ್ಲಿ ಬಿಟ್ಟುಕೊಡಬೇಕು ಎನ್ನುವುದನ್ನು ಮೊದಲೇ ನೀವೇ ತೀರ್ಮಾನಿಸಿ. ಮೊದಲು ಬಾಗಬೇಕಾದದ್ದು ಕೊಕ್ಕೆ. ಲೂರಿನ ಜೊತೆ ಬಂದ ದಪ್ಪ ಟ್ರೆಬಲ್ (ಮೂರು ಮೊನೆಯ) ಕೊಕ್ಕೆ ತೆಗೆದು ತೆಳು ತಂತಿಯ ಕೊಕ್ಕೆ ಹಾಕಿ. 40 ಪೌಂಡಿನ ದಾರದಲ್ಲಿ ಮೆಲ್ಲಗೆ ಎಳೆದರೆ ಕೊಕ್ಕೆ ನೆಟ್ಟಗಾಗಿ ಲೂರ್ ಕೈಗೆ ಬರುತ್ತದೆ. ದಪ್ಪ ದಾರದ ನಿಜವಾದ ಉಪಯೋಗ ಇದು. ಕೊಕ್ಕೆ ಬಾಗದಿದ್ದರೆ ಲೂರಿನ ಬಳಿಯ ಗಂಟು ಹೋಗಲಿ. ಲೀಡರ್ ಮತ್ತು ಬ್ರೇಡ್ ಸೇರುವ ಗಂಟು ಮಾತ್ರ ಹೋಗಬಾರದು. ಅದು ಹೋದರೆ ಒಂದೂವರೆ ಮೀಟರ್ ತಂಗೂಸಿ ಕಲ್ಲಿನಲ್ಲೇ ಉಳಿದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ದೊಡ್ಡ ಮೀನೇ ಬೇಕೆಂದು ಹೋಗುವ ದಿನ ದಪ್ಪ ಕೊಕ್ಕೆ ಹಾಕಿ. ಆದರೆ ಆ ದಿನ ಲೂರ್ ಹೋಗುವ ಸಂಭವವೂ ಜಾಸ್ತಿ ಎಂಬುದು ಲೆಕ್ಕದಲ್ಲಿರಲಿ.

ಸಿಕ್ಕಿಕೊಂಡ ಕೂಡಲೇ ರಾಡ್ ಜಗ್ಗಬೇಡಿ. ಜಗ್ಗಿದಷ್ಟೂ ಕೊಕ್ಕೆ ಒಳಗೆ ಇಳಿಯುತ್ತದೆ. ಸ್ವಲ್ಪ ಬಿಗಿ ಮಾಡಿ, ರೀಲ್ ಮತ್ತು ರಾಡಿನ ಮೊದಲ ರಿಂಗಿನ ನಡುವೆ ದಾರವನ್ನು ಎರಡು ಬೆರಳಲ್ಲಿ ಎಳೆದು ಟಪ್ಪನೆ ಬಿಡಿ. ಬಿಟ್ಟ ಆ ಕ್ಷಣ ದಾರ ಸಡಿಲಾಗಿ ಲೂರ್ ಹಿಂದಕ್ಕೆ ಜಿಗಿಯುತ್ತದೆ. ನಾಲ್ಕೈದು ಸಲ ಮಾಡಿ. ಆಗದಿದ್ದರೆ ಹತ್ತು ಹೆಜ್ಜೆ ಆಚೆ ಹೋಗಿ, ಲೂರ್ ಹೋಗಿ ಸಿಕ್ಕಿದ ದಿಕ್ಕಿಗೆ ಎದುರಿನಿಂದ ಪ್ರಯತ್ನಿಸಿ. ಕೊನೆಗೆ ಎಳೆಯಲೇಬೇಕಾದರೆ ದಾರವನ್ನು ಒಂದು ಕೋಲಿಗೆ ಸುತ್ತಿ, ರಾಡ್ ಕೆಳಗಿಟ್ಟು ಎಳೆಯಿರಿ. ಬರಿಗೈಗೆ ಬ್ರೇಡ್ ಸುತ್ತಲೇಬೇಡಿ, ಬೆರಳು ಕೊಯ್ದುಬಿಡುತ್ತದೆ. ಒಮ್ಮೆ ಅಮಾವಾಸ್ಯೆಯ ಇಳಿತದ ಹೊತ್ತಿಗೆ ರಾಡ್ ಇಲ್ಲದೆ ಸುಮ್ನೆ ಅಲ್ಲಿ ಹೋಗಿ ನಿಲ್ಲಿ. ಯಾವ ಕಲ್ಲು ಎಲ್ಲಿ ಚಾಚಿದೆ ಎಂದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ನನಗೆ ಕ್ಲಿಂಚ್ ಗಂಟು ಒಂದೇ ಬರುವುದು. ವಿಡಿಯೋಗಳಲ್ಲಿ ನೂರೆಂಟು ಗಂಟು ತೋರಿಸುತ್ತಾರೆ. ಯಾವುದನ್ನು ಕಲಿಯಲಿ?
– ಓದುಗರು, ಹೊನ್ನಾವರ

ಉತ್ತರ: ಮೂರು ಸಾಕು. ಪಾಲೊಮರ್, ಯೂನಿ, ಎಫ್‌ಜಿ. ಕ್ಲಿಂಚ್ ತಂಗೂಸಿಗೆ ಒಳ್ಳೆಯದೇ. ಆದರೆ ಬ್ರೇಡಿನ ಮೈ ಜಾರುಮೈ. ಅದರಲ್ಲಿ ಕ್ಲಿಂಚ್ ಕಟ್ಟಿದರೆ ನಿಧಾನಕ್ಕೆ ಬಿಚ್ಚಿಕೊಂಡು ಹೋಗುತ್ತದೆ.

ಬ್ರೇಡನ್ನು ನೇರ ಕಟ್ಟುವಾಗ ಪಾಲೊಮರ್. ದಾರ ಮಡಚಿ ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಕೊಕ್ಕೆಯನ್ನು ಪೂರ್ತಿ ದಾಟಿಸುವುದು. ಎರಡು ಟ್ರೆಬಲ್ ಇರುವ ಲೂರನ್ನು ಹಾಗೆ ದಾಟಿಸಲು ಹೋದರೆ ಕೊಕ್ಕೆ ಕೈಗೇ ಚುಚ್ಚುತ್ತದೆ. ಅಂಥದ್ದಕ್ಕೆ ಲೀಡರ್ ತುದಿಯಲ್ಲಿ ಯೂನಿ ಕಟ್ಟಿ. 40 ಪೌಂಡಿನ ಮೋನೊಗೆ ನಾಲ್ಕು ಸುತ್ತು ಸಾಕು. ದಪ್ಪ ದಾರಕ್ಕೆ ಸುತ್ತು ಜಾಸ್ತಿ ಮಾಡಿದರೆ ಗಂಟು ಸರಿಯಾಗಿ ಕೂರುವುದಿಲ್ಲ.

ಬ್ರೇಡ್ ಮತ್ತು ಲೀಡರ್ ಸೇರಿಸಲು ಎಫ್‌ಜಿ. ಇದನ್ನು ಮನೆಯಲ್ಲಿ ದೀಪದ ಕೆಳಗೆ ಕೂತು ಕಲಿಯಿರಿ, ಗಾಳಿಯಲ್ಲಿ ನಿಂತು ಕಲಿಯಲಾಗುವುದಿಲ್ಲ. ಬ್ರೇಡನ್ನು ಬಿಗಿ ಹಿಡಿದು ಲೀಡರಿನ ಮೇಲೊಮ್ಮೆ, ಕೆಳಗೊಮ್ಮೆ ಅಡ್ಡಡ್ಡ ಸುತ್ತುತ್ತಾ ಹೋಗಿ, ಸುಮಾರು ಇಪ್ಪತ್ತು ಸುತ್ತು. ನಂತರ ಎರಡನ್ನೂ ಸೇರಿಸಿ ಎರಡು ಅರೆಗಂಟು. ಈಗ ಒದ್ದೆ ಮಾಡಿ ಜೋರಾಗಿ ಎಳೆಯಿರಿ. ಸುತ್ತುಗಳು ಲೀಡರಿನ ಮೈಯನ್ನು ಕಚ್ಚಿ ಹಿಡಿಯುವಾಗ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಬಣ್ಣ ಬದಲಾಗದಿದ್ದರೆ ಗಂಟು ಇನ್ನೂ ಕೂತಿಲ್ಲ ಎಂದೇ ಅರ್ಥ. ಕೂತ ಮೇಲೆ ಲೀಡರಿನ ಬಾಲ ಕತ್ತರಿಸಿ, ಬ್ರೇಡಿನ ಮೇಲೆ ಇನ್ನೂ ನಾಲ್ಕೈದು ಅರೆಗಂಟು ಹಾಕಿ ಮುಗಿಸಿ. ಗಂಟು ತೆಳುವಾಗಿರುವುದರಿಂದ ರಾಡಿನ ರಿಂಗಿನೊಳಗೆ ತಡೆಯಿಲ್ಲದೆ ಹೋಗುತ್ತದೆ. ದೋಣಿಯಲ್ಲಿ, ಕತ್ತಲಲ್ಲಿ ಅರ್ಜೆಂಟಾದಾಗ ಡಬಲ್ ಯೂನಿ ಕಟ್ಟಬಹುದು. ಬ್ರೇಡ್ ಕಡೆ ಎಂಟು ಸುತ್ತು, ಲೀಡರ್ ಕಡೆ ನಾಲ್ಕು.

ಯಾವ ಗಂಟೇ ಆಗಲಿ, ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣದಾರ ಉಜ್ಜಿಕೊಂಡರೆ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಎಷ್ಟೋ ಜನ ಆತುರದಲ್ಲಿ ಇದನ್ನು ಬಿಡುತ್ತಾರೆ. ನನಗೆ ನಿಜವಾಗಿ ಬೇಜಾರಾಗುವುದು ಅದಕ್ಕೇ, ಎರಡು ಸೆಕೆಂಡಿನ ಕೆಲಸ ಅದು.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ತಾವರೆ ಎಲೆ, ಜೊಂಡು ತುಂಬಿದೆ. ಕೊರಮೀನಿಗೆ ಕಪ್ಪೆ ಲೂರ್ ಹಾಕುತ್ತೇನೆ. ಲೀಡರ್ ಹಾಕಬೇಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಅಲ್ಲಿ ಚಿಪ್ಪಿಲ್ಲ, ಕಲ್ಲಿಲ್ಲ. 40–50 ಪೌಂಡಿನ ಬ್ರೇಡನ್ನು ನೇರ ಪಾಲೊಮರ್‌ನಲ್ಲಿ ಕಟ್ಟಿ. ಬ್ರೇಡ್ ಹಿಗ್ಗುವುದಿಲ್ಲ, ತಾವರೆ ದಂಟನ್ನು ಕೊಯ್ದುಕೊಂಡೇ ಬರುತ್ತದೆ. ತಂಗೂಸಿ ಹಿಗ್ಗುವುದರಿಂದ, ನೀವು ಎಳೆಯುವಷ್ಟರಲ್ಲಿ ಮೀನು ಬೇರಿನೊಳಗೆ ಸೇರಿಕೊಂಡುಬಿಡುತ್ತದೆ. ಮಳೆಗಾಲದಲ್ಲಿ ಕಿತ್ತಳೆ ಬಣ್ಣದ ಮರಿಗಳ ಗುಂಪು ಕಂಡರೆ ದಯವಿಟ್ಟು ಅಲ್ಲಿ ಲೂರ್ ಹಾಕಬೇಡಿ. ಕೆಳಗೆ ತಾಯಿತಂದೆ ಕಾವಲಿಗಿರುತ್ತವೆ. ಅವನ್ನು ಹಿಡಿದರೆ ಆ ಮರಿಗಳು ಉಳಿಯುವುದಿಲ್ಲ.

ಪ್ರಶ್ನೆ: ಅಂಜಲ್‌ಗೆ ಸ್ಟೀಲ್ ವೈರ್ ಹಾಕದೆ ಆಗುವುದಿಲ್ಲವೇ?
– ಓದುಗರು, ಮಲ್ಪೆ

ಉತ್ತರ: ಅಂಜಲ್‌ಗೆ ಹಾಕಿ, ಗೇಣುದ್ದ ಸಾಕು. ಅದರ ಹಲ್ಲಿಗೆ ಯಾವ ದಾರವೂ ತಡೆಯುವುದಿಲ್ಲ. ಅಳಿವೆಯ ಬಾರಮುಂಡಿಗೆ ವೈರ್ ಬೇಡ. ಅದರ ಕಿವಿರಿನ ಮುಚ್ಚಳದ ಅಂಚು ಹರಿತ, ಆದರೂ ಅದಕ್ಕೆ 40 ಪೌಂಡಿನ ಮೋನೊ ಸಾಕಾಗುತ್ತದೆ.

ಪ್ರಶ್ನೆ: ದಾರದ ಡಬ್ಬಿಯ ಮೇಲೆ ಪಿಇ 1, ಪಿಇ 2 ಎಂದಿರುತ್ತದೆ. ಏನದು? ಹಾಗೆಯೇ ಬ್ರೇಡ್ ಹಳೆಯದಾಯಿತು ಎಂದು ತಿಳಿಯುವುದು ಹೇಗೆ?
– ಓದುಗರು, ಅಂಕೋಲಾ

ಉತ್ತರ: ಅದು ದಪ್ಪದ ಜಪಾನೀ ಅಳತೆ. ಪಿಇ 1 ಅಂದರೆ 0.165 ಮಿಲಿಮೀಟರ್, ಪಿಇ 2 ಅಂದರೆ 0.235. ಕೊಳ್ಳುವಾಗ ಪೌಂಡ್ ಒಂದನ್ನೇ ನೋಡದೆ ದಪ್ಪವನ್ನೂ ನೋಡಿ. ದಪ್ಪ ಜಾಸ್ತಿಯಾದಷ್ಟೂ ಎಸೆತ ಕಡಿಮೆ, ಗಾಳಿಗೆ ದಾರ ಬಾಗುವುದೂ ಜಾಸ್ತಿ.

ಬಣ್ಣ ಹೋದ ಮಾತ್ರಕ್ಕೆ ಬ್ರೇಡ್ ಹಾಳಾಗಿಲ್ಲ. ಉಗುರಿನ ಮೇಲೆ ಎಳೆದು ನೋಡಿ. ತೊಡರುತ್ತಿದ್ದರೆ, ನಾರು ಎದ್ದಿದ್ದರೆ ಅಷ್ಟು ದೂರ ಕತ್ತರಿಸಿ ತೆಗೆಯಿರಿ. ಸವೆಯುವುದು ಹೆಚ್ಚಾಗಿ ಎಸೆಯುವಷ್ಟು ಉದ್ದ ಮಾತ್ರ. ಒಳಗಿನದ್ದು ಹೊಸದರಂತೆಯೇ ಇರುತ್ತದೆ. ಆದ್ದರಿಂದ ಪೂರ್ತಿ ದಾರವನ್ನು ಬೇರೆ ಸ್ಪೂಲಿಗೆ ಸುತ್ತಿ, ಒಳತುದಿ ಹೊರಗೆ ಬರುವಂತೆ ಮಾಡಿಕೊಳ್ಳಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿದಿರಿ. ಸಡಿಲವಾಗಿ ಸುತ್ತಿದ ಬ್ರೇಡ್ ಎಸೆಯುವಾಗ ಗಂಟುಗಂಟಾಗಿ ಹೊರಬಂದು ರಿಂಗಿಗೆ ಸಿಕ್ಕಿ, ದಾರ ಕಡಿದು ಲೂರ್ ಮಾತ್ರ ಸಮುದ್ರಕ್ಕೆ ಹಾರಿಹೋಗುತ್ತದೆ.